ಹೊಳೆಗೆ ಎರಡು ಅಗಲ

೨೦೨೫ರ ಸೆಪ್ಟೆಂಬರ ತಿಂಗಳ ಕೊನೆಯ ವಾರ. ಮಹಾಲಯ ಅಮಾವಾಸ್ಯೆ ಕಳೆದು ಮನೆಮನೆಗಳಲ್ಲಿ ಘಟ್ಟ ಹಾಕಿದ್ದರು. ಸೊಲ್ಲಾಪುರದ ನಮ್ಮ ಮನೆಯಲ್ಲಿ ಸೊಸೆಗೆ ಏಳು ತಿಂಗಳು ತುಂಬಿ ಕುಬಸದ ದಿನ ನಿಶ್ಚಯವಾಗಿತ್ತು. ಆಕೆಯ ತವರು ಇಂಡಿ ತಾಲೂಕಿನ ಒಂದು ಹಳ್ಳಿ. ಬೀಗರು ಹಸಿರು ಸೀರೆ, ಕುಬಸ, ಹಸಿರು ಬಳೆಗಳ ಜೊತೆಗೆ ಹೋಳಿಗೆ, ಕರ್ಚಿಕಾಯಿ, ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಎಂದು ಬಗೆಬಗೆಯ ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿಯೇ ಗಾಡಿ ಹತ್ತಿದರು. ಝಳಕಿ, ಧೂಳಖೇಡಗಳನ್ನು ದಾಟಿ ಭೀಮೆಯ ಸೇತುವೆಯ ಮೇಲೆ ಬಂದಾಗ ಹಿರಿಯರು ಪದ್ಧತಿಯಂತೆ ತುಂಬಿದ ಹೊಳೆಗೆ ಕೈ ಮುಗಿದರು. ಟಾಕಳಿ, ನಾಂದಣಿ ಹಿಂದೆ ಬಿದ್ದವು. ಮಂದ್ರೂಪ ಬಂತು. ಇನ್ನು ಒಂದು ತಾಸಿನೊಳಗೆ ಸೊಲ್ಲಾಪುರ.

ಆದರೆ ಗಾಡಿ ಮುಂದೆ ಸಾಗಲಿಲ್ಲ. ಸೀನಾ ಹೊಳೆಯ ಮಹಾಪೂರ ವಡಕಬಾಳ ಹಾಗೂ ಹತ್ತೂರುಗಳ ನಡುವೆ ಹೆದ್ದಾರಿಯ ಮೇಲೆ ಹರಿಯತೊಡಗಿ ಸೊಲ್ಲಾಪುರ–ವಿಜಯಪುರಗಳ ಸಂಚಾರವೇ ನಿಂತುಹೋಗಿತ್ತು. ಅತ್ತ ಬುತ್ತಿ, ಇತ್ತ ಬಸುರಿ, ನಡುವೆ ನೀರು. ಆ ದಿನ ದೂರವಾಣಿಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: “ಸೇತುವೆ ಗಟ್ಟಿಯಿದೆಯೇ?” ಯಾರೂ ಹಾದಿಯನ್ನು ಕುರಿತು ಕೇಳಲಿಲ್ಲ. ಹೊಳೆಯನ್ನು ದಾಟುವುದೆಂದರೆ ಸೇತುವೆಯನ್ನು ದಾಟುವುದು ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಅಂದು ನೀರು ನಮ್ಮನ್ನು ತಡೆದದ್ದು ಹೊಳೆಯ ಪಾತ್ರದಲ್ಲಿ ಅಲ್ಲ. ಪಾತ್ರವನ್ನು ಬಿಟ್ಟು ಬಯಲಿಗೆ ಬಂದು, ಹೊಲಗಳ ನಡುವೆ ಹಾದುಹೋಗುವ ಹಾದಿಯ ಮೇಲೆ.

ಹೊಳೆಗೆ ಎರಡು ಅಗಲಗಳುಂಟು. ಒಂದು ನಾವು ದಿನವೂ ಕಾಣುವ ಅಗಲ. ಇನ್ನೊಂದು ಅದು ವರ್ಷಗಟ್ಟಲೆ ಕೇಳದೆ ಬಿಟ್ಟು, ಒಂದು ದಿನ ಒಮ್ಮೆಲೇ ಬಂದು ಕೇಳುವ ಅಗಲ. ಈ ಎರಡನೆಯ ಅಗಲವನ್ನು ಅರಿಯದೆ ಕಟ್ಟಿದ ಹಾದಿ ಎಷ್ಟೇ ಗಟ್ಟಿಯಾಗಿದ್ದರೂ ಬೇಕಾದ ದಿನ ಉಪಯೋಗಕ್ಕೆ ಬಾರದು. ಗಡಿನಾಡಿನ ನಮಗೆ ಈ ಮಾತು ಕೇವಲ ಇಂಜಿನಿಯರರ ಲೆಕ್ಕವಲ್ಲ, ಬಾಳಿನ ಲೆಕ್ಕ.

ಎರಡು ಹೊಳೆಗಳ ನಡುವಿನ ನಾಡು

ಸೊಲ್ಲಾಪುರದಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ಹತ್ತೂರನ್ನು ಬಿಟ್ಟೊಡನೆ ಸೀನೆಯನ್ನು ದಾಟಿ ವಡಕಬಾಳವನ್ನು ಸೇರುತ್ತದೆ. ಮುಂದೆ ಮಂದ್ರೂಪ, ತೇರಾಮೈಲ, ನಾಂದಣಿ, ಟಾಕಳಿ. ಟಾಕಳಿಯ ಬಳಿ ಭೀಮೆ. ಸೇತುವೆಯ ಈ ತುದಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲೂಕು. ಆ ತುದಿ ಕರ್ನಾಟಕದ ವಿಜಯಪುರ ಜಿಲ್ಲೆಯ ಧೂಳಖೇಡ. ಈ ಹಾದಿಗೆ ಬಹುಕಾಲ ರಾಷ್ಟ್ರೀಯ ಹೆದ್ದಾರಿ ೧೩ ಎಂಬ ಹೆಸರಿತ್ತು. ೨೦೧೦ರಲ್ಲಿ ಹೆದ್ದಾರಿಗಳ ಸಂಖ್ಯೆಗಳು ಬದಲಾದಾಗ ಇದು ೫೨ನೆಯ ಹೆದ್ದಾರಿಯ ಭಾಗವಾಯಿತು. ಪಂಜಾಬದ ಸಂಗ್ರೂರಿನಿಂದ ಹೊರಟು ವಿಜಯಪುರ, ಹುಬ್ಬಳ್ಳಿಗಳ ಮೇಲೆ ಹಾದು ಅಂಕೋಲೆಯ ಸಮುದ್ರತೀರವನ್ನು ಮುಟ್ಟುವ ಮಹಾಮಾರ್ಗವಿದು.

ಲಾರಿ ನಡೆಸುವವರಿಗೆ ಇದು ಉತ್ತರ–ದಕ್ಷಿಣಗಳನ್ನು ಕೂಡಿಸುವ ಹಾದಿ. ನಮಗಾದರೋ ಇದು ತವರಿನ ಹಾದಿ, ಆಸ್ಪತ್ರೆಯ ಹಾದಿ, ಸಂತೆಯ ಹಾದಿ, ದೇವರ ಹಾದಿ. ಸಂಕ್ರಮಣದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರನ ಗಡ್ಡದ ಜಾತ್ರೆಗೆ, ನಂದಿಕೋಲುಗಳ ಮೆರವಣಿಗೆಯನ್ನು ಕಾಣಲು, ಹೊಳೆಯ ಆಚೆಯ ಭಕ್ತರು ಬರುವುದು ಇದೇ ದಾರಿಯಿಂದ. ಸೀಗೆ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆಂದು ವಿಜಯಪುರದ ಕಡೆಯಿಂದ ಜನ ಕಾಲ್ನಡಿಗೆಯಲ್ಲಿ ಸಾಗುವುದೂ ಇದೇ ದಾರಿಯಲ್ಲಿ. ೧೯೫೬ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾದಾಗ ವಿಜಯಪುರ ಒಂದು ರಾಜ್ಯಕ್ಕೆ, ಸೊಲ್ಲಾಪುರ ಹಾಗೂ ಅಕ್ಕಲಕೋಟೆ ಇನ್ನೊಂದಕ್ಕೆ ಸೇರಿದವು. ಹೊಳೆಗೆ ಗಡಿಯ ಹೆಸರು ಬಂತು. ಆದರೆ ಕನ್ನಡದ ಮಾತು, ಕೊಡುಕೊಳ್ಳುವ ಸಂಬಂಧ, ಎಳ್ಳಮಾಸಿಗೆ ಚರಗ ಚೆಲ್ಲುವ ಪದ್ಧತಿ ಇವು ಎರಡೂ ದಂಡೆಗಳಲ್ಲಿ ಹಾಗೆಯೇ ಉಳಿದವು. ಅವನ್ನು ಹೊಲಿದಿಟ್ಟ ದಾರಗಳಲ್ಲಿ ಈ ಸೇತುವೆಯೂ ಒಂದು.

ಇಲ್ಲಿ ಒಂದು ಭೂಗೋಲದ ಸಂಗತಿಯನ್ನು ಓದುಗರು ಗಮನಿಸಬೇಕು. ಹೆದ್ದಾರಿ ಎರಡು ಹೊಳೆಗಳನ್ನು ಬೇರೆಬೇರೆಯಾಗಿ ದಾಟುತ್ತದೆ. ಆ ಹೊಳೆಗಳು ಕೂಡುವುದು ಹೆದ್ದಾರಿಯಿಂದ ಪೂರ್ವಕ್ಕೆ, ಕೆಳಗೆ, ಹತ್ತರಸಂಗ ಕೂಡಲದಲ್ಲಿ. ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿರುವ ಶಕ ೯೪೦ರ, ಎಂದರೆ ೧೦೧೮ರ ಶಾಸನವನ್ನು ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಎಣಿಸುತ್ತಾರೆ. ಅದರ ಬಳಿಯ ಹರಿಹರೇಶ್ವರ ಗುಡಿಯಲ್ಲಿ ೧೯೯೯ರಲ್ಲಿ ಬೆಳಕಿಗೆ ಬಂದ ಬಹುಮುಖಿ ಶಿವಲಿಂಗವನ್ನು ಕಾಣಲು ದೂರದೂರದಿಂದ ಜನ ಬರುತ್ತಾರೆ. ಅಂದಮೇಲೆ ಮಂದ್ರೂಪದ ಸುತ್ತಲಿನ ಹಳ್ಳಿಗಳು ಎರಡು ಹೊಳೆಗಳ ನಡುವಿನ ನಾಲಿಗೆಯಂಥ ನೆಲದ ಮೇಲೆ ಇವೆ. ಸೀನೆ ಉಕ್ಕಿದರೆ ಈ ಜನರಿಗೆ ತಮ್ಮ ತಾಲೂಕು ಹಾಗೂ ಜಿಲ್ಲೆಯ ಕಚೇರಿಗಳಿರುವ ಸೊಲ್ಲಾಪುರವೇ ದೂರವಾಗುತ್ತದೆ; ಭೀಮೆ ಉಕ್ಕಿದರೆ ಆಚೆ ದಂಡೆಯ ಬಂಧುಗಳು ದೂರವಾಗುತ್ತಾರೆ.

ಮೋಡವಿಲ್ಲದ ಆಕಾಶದ ಕೆಳಗೆ ಮಹಾಪೂರ

ನಮ್ಮದು ಮಳೆ ಕಡಿಮೆಯ ನಾಡು. ಬಿಳಿಜೋಳ ಬೆಳೆಯುವ ಎರೆ ಹೊಲ, ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಸಾಲು, ಇವೇ ನಮ್ಮ ಪರಿಚಯ. ವೈಶಾಖದಲ್ಲಿ ಟಾಕಳಿಯ ಸೇತುವೆಯ ಮೇಲೆ ನಿಂತು ನೋಡಿದವರಿಗೆ ಕಾಣುವುದು ಅಲ್ಲಲ್ಲಿ ನಿಂತ ಮಡುವು, ಮರಳು, ಕಲ್ಲುಹಾಸು, ಮೇಯುವ ದನಕರು. ಇಷ್ಟು ಚಿಕ್ಕ ನೀರಿಗೆ ಇಷ್ಟು ಉದ್ದದ ಸೇತುವೆ ಏಕೆಂದು ಮಕ್ಕಳು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಸೊಲ್ಲಾಪುರದಲ್ಲಿಲ್ಲ; ಸಹ್ಯಾದ್ರಿಯಲ್ಲಿದೆ.

ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಸುಮಾರು ೮೬೧ ಕಿಲೋಮೀಟರು ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇಂದ್ರಾಯಣಿ, ಮುಳಾ–ಮುಠಾ, ಘೋಡ, ನೀರಾ ಮುಂತಾದ ಹೊಳೆಗಳು ಘಟ್ಟದ ಮಳೆಯನ್ನು ಹೊತ್ತು ತಂದು ಭೀಮೆಗೆ ಒಪ್ಪಿಸುತ್ತವೆ. ಆದುದರಿಂದ ನಮ್ಮ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ, ಹೊಲದಲ್ಲಿ ಬೆಳೆ ಬಾಡುತ್ತಿರುವಾಗಲೇ, ಹೊಳೆ ದಂಡೆ ಮೀರಿ ಬರಬಹುದು. ಮಾಢಾ ತಾಲೂಕಿನ ಉಜನಿ ಅಣೆಕಟ್ಟು ೧೯೮೦ರಲ್ಲಿ ಪೂರ್ಣವಾದ ಮೇಲೆ ಈ ನೀರಿಗೆ ಒಂದು ದೊಡ್ಡ ತಂಗುದಾಣ ದೊರೆಯಿತು. ಅದರ ಒಟ್ಟು ಸಂಗ್ರಹ ಸುಮಾರು ೧೧೭ ಟಿ.ಎಂ.ಸಿ. ಆದರೆ ಜಲಾಶಯ ತುಂಬಿದ ಮೇಲೆ ಬಂದ ನೀರನ್ನು ಕೆಳಗೆ ಬಿಡದೆ ಗತ್ಯಂತರವಿಲ್ಲ.

ಪತ್ರಿಕೆಗಳಲ್ಲಿ ನಾವು ‘ಒಂದು ಲಕ್ಷ ಕ್ಯೂಸೆಕ್’ ಎಂದು ಓದಿ ಪುಟ ತಿರುವುತ್ತೇವೆ. ಆ ಮಾತಿನ ತೂಕವನ್ನು ಒಮ್ಮೆ ನೋಡೋಣ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು ೨೮ ಲೀಟರು. ಎರಡು ಕೊಡಗಳಷ್ಟು ನೀರು. ಒಂದು ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಎರಡು ಲಕ್ಷ ಕೊಡಗಳು. ನೂರು ಕೋಟಿ ಘನ ಅಡಿಗೆ ಒಂದು ಟಿ.ಎಂ.ಸಿ. ಎನ್ನುತ್ತಾರೆ. ಒಂದು ಲಕ್ಷ ಕ್ಯೂಸೆಕ್ ವೇಗದಲ್ಲಿ ಅಷ್ಟೂ ನೀರು ಸೇತುವೆಯ ಕೆಳಗೆ ಹಾದುಹೋಗಲು ೧೦,೦೦೦ ಸೆಕೆಂಡು ಸಾಕು. ಅಂದರೆ ಎರಡು ಮುಕ್ಕಾಲು ತಾಸು. ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗಿ ಊಟ ಮಾಡಿ ಏಳುವಷ್ಟು ಹೊತ್ತು.

೨೦೨೦ರ ಅಕ್ಟೋಬರದಲ್ಲಿ ಇದರ ಹಲವು ಪಟ್ಟು ನೀರು ಬಂತು. ಘಟ್ಟದ ನೀರಿಗೆ ನಮ್ಮದೇ ಬಯಲು ಸೀಮೆಯ ಭಾರಿ ಮಳೆ ಕೂಡಿಕೊಂಡು ಭೀಮಾತೀರದ ಊರುಗಳು ನೀರಿನಲ್ಲಿ ನಿಂತವು. ಕೆಳಗೆ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನ ಬಳಿ ಹರಿವು ಸುಮಾರು ೮ ಲಕ್ಷ ಕ್ಯೂಸೆಕ್ ಮುಟ್ಟಿತೆಂದು ವರದಿಯಾಯಿತು. ೨೦೨೫ರದು ಬೇರೆ ಬಗೆ. ಆ ಬಾರಿ ಮುನಿದವಳು ಸೀನೆ. ಅಹಿಲ್ಯಾನಗರದ ಬಳಿ ಹುಟ್ಟುವ ಈ ಹೊಳೆ ಘಟ್ಟದ ಮಗಳಲ್ಲ, ಬಯಲಿನ ಮಗಳು. ಬಹುತೇಕ ವರ್ಷ ಒಣಗಿದ ಹಳ್ಳದಂತೆ ಇರುವವಳು. ಅಹಿಲ್ಯಾನಗರ, ಬೀಡ, ಧಾರಾಶಿವ ಭಾಗಗಳಲ್ಲಿ ಸುರಿದ ಭಾರಿ ಮಳೆ ಸೀನಾ–ಕೋಳೆಗಾವ, ಚಾಂದಣಿ, ಖಾಸಾಪುರಿ ಜಲಾಶಯಗಳನ್ನು ತುಂಬಿಸಿ ಚೆಲ್ಲಿತು. ಹತ್ತೂರಿನ ಹಾದಿ ಮುಳುಗಿತು.

ಇನ್ನೊಂದು ತೊಡಕೂ ಉಂಟು. ಭೀಮೆ ತುಂಬಿ ಹರಿಯುವಾಗ ಕೂಡಲದಲ್ಲಿ ಸೀನೆಗೆ ಒಳಗೆ ಹೋಗಲು ಎಡೆ ದೊರೆಯುವುದಿಲ್ಲ. ಬಾಗಿಲು ಮುಚ್ಚಿದ ಮನೆಯ ಮುಂದೆ ಬೀಗರು ನಿಂತಂತೆ ಸೀನೆಯ ನೀರು ಹಿಂದಕ್ಕೆ ಸರಿದು ಹೊಲಗಳ ಮೇಲೆ ಹರಡಿಕೊಳ್ಳುತ್ತದೆ. ಅಕ್ಕಲಕೋಟೆ ತಾಲೂಕಿನ ಬೋರಿ ಹೊಳೆಯ ಗತಿಯೂ ಭೀಮೆಯನ್ನು ಸೇರುವಲ್ಲಿ ಹೀಗೆಯೇ. ಕೂಡುಹೊಳೆಗಳ ನಾಡಿನಲ್ಲಿ ಯಾವ ಹೊಳೆಯನ್ನೂ ಒಂಟಿಯಾಗಿ ಅಳೆಯಲಾಗದು.

ಹರಿಗೋಲಿನಿಂದ ಹಲಗೆಗಳವರೆಗೆ

ಸೇತುವೆ ಇಲ್ಲದ ಕಾಲದಲ್ಲಿ ಹೊಳೆಯ ಮಾತೇ ಕೊನೆಯ ಮಾತಾಗಿತ್ತು. ಬೇಸಿಗೆಯಲ್ಲಿ ಗಾಡಿಗಳು ಆಳವಿಲ್ಲದ ಕಡೆ ಇಳಿದು ಹತ್ತುತ್ತಿದ್ದವು. ಮಳೆಗಾಲದಲ್ಲಿ ಅಂಬಿಗರ ದೋಣಿ, ತೊಗಲು ಹೊದಿಸಿದ ಹರಿಗೋಲು. ಮಹಾಪೂರ ಬಂದರೆ ಅದೂ ಇಲ್ಲ. ನೀರು ಇಳಿಯುವವರೆಗೆ ದಂಡೆಯ ಗುಡಿಯಲ್ಲಿ ಬುತ್ತಿ ಬಿಚ್ಚಿ ಕಾಯುವುದು. ಆಷಾಢದಿಂದ ದೀಪಾವಳಿಯವರೆಗೆ ಹೆಣ್ಣುಮಕ್ಕಳು ತವರಿನ ಹಾದಿ ನೋಡುತ್ತಲೇ ದಿನ ಕಳೆಯುತ್ತಿದ್ದರು.

೧೮೮೦ರ ದಶಕದಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ರೈಲು ಹಾದಿ ಬಂತು. ಅಕ್ಕಲಕೋಟೆ ತಾಲೂಕಿನ ತಡವಳದ ಆಚೆ, ಲಚ್ಯಾಣದ ಬಳಿ ಅದು ಭೀಮೆಯನ್ನು ದಾಟುತ್ತದೆ. ಮೀಟರ್ ಗೇಜಿನ ಆ ಹಾದಿ ೨೦೦೮ರ ಹೊತ್ತಿಗೆ ಪೂರ್ತಿಯಾಗಿ ಬ್ರಾಡ್ ಗೇಜ್ ಆಯಿತು. ಗಡಿಯ ಎರಡೂ ಕಡೆಯ ಜನರಿಗೆ ತಲೆಮಾರುಗಳವರೆಗೆ ಮಳೆಗಾಲದ ನಂಬಿಗೆಯ ಹಾದಿ ಎಂದರೆ ಆ ರೈಲೇ.

ಉಳಿದ ಹಳ್ಳಿಗಳಿಗೆ ದೊರೆತದ್ದು ಬಾಂದಾರಗಳು. ಔಜ–ಶಿರನಾಳ, ಹಿಂಗಣಿ–ಆಳಗಿ, ಉಮರಾಣಿ–ಲವಂಗಿ, ಗೋವಿಂದಪುರ–ಭಂಡಾರಕವಠೆ, ಚಣೇಗಾಂವ–ಬರೂರ ಹೀಗೆ ಆಚೆ ಒಂದೂರು, ಈಚೆ ಒಂದೂರು ಜೋಡಿ ಹೆಸರು ಹೊತ್ತು ನಿಂತ ಈ ಕೊಲ್ಹಾಪುರ ಮಾದರಿಯ ಬಾಂದಾರಗಳು ನಮ್ಮ ಗಡಿಯ ಅಂದವಾದ ಸಂಕೇತಗಳು. ಹೊಳೆಯಲ್ಲಿ ಸಾಲು ಕಂಬಗಳು, ಕಂಬಗಳಲ್ಲಿ ಗಾಡಿ. ಮಳೆಗಾಲ ಮುಗಿದ ಮೇಲೆ ಆ ಗಾಡಿಗಳಲ್ಲಿ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಮೊದಲು ತೆಗೆದು ಹೊಳೆಗೆ ಹಾದಿ ಬಿಡುತ್ತಾರೆ. ಉಜನಿಯಿಂದ ಬಿಟ್ಟ ನೀರು ಔಜ ಬಾಂದಾರದಲ್ಲಿ ನಿಂತು, ಟಾಕಳಿಯಿಂದ ಸೊಲ್ಲಾಪುರದ ನಲ್ಲಿಗಳಿಗೆ ಏರುತ್ತದೆ. ಎಷ್ಟೋ ಬಾಂದಾರಗಳ ನೆತ್ತಿಯ ಮೇಲಿನ ಕಿರಿದಾದ ಹಾದಿಯಲ್ಲಿ ಜನ ಆಚೆಯ ಹೊಲಕ್ಕೆ, ಸಂತೆಗೆ ಹೋಗಿಬರುತ್ತಾರೆ. ಆದರೆ ಮಹಾಪೂರದಲ್ಲಿ ಇವು ಮುಳುಗುತ್ತವೆ. ಆಗ ಎದುರಿಗೆ ಕಾಣುವ ಊರಿಗೆ ಹೋಗಲು ಹೆದ್ದಾರಿಯ ಎತ್ತರದ ಸೇತುವೆಯವರೆಗೆ ಸುತ್ತು ಹಾಕಬೇಕು. ಆದ್ದರಿಂದ ಹೆದ್ದಾರಿಯ ಸೇತುವೆ ಟಾಕಳಿ–ಧೂಳಖೇಡಗಳಿಗೆ ಮಾತ್ರ ಸೇರಿದ್ದಲ್ಲ. ಮಹಾಪೂರದ ದಿನ ಅದು ದಂಡೆಯುದ್ದದ ಎಲ್ಲ ಊರುಗಳ ಸೇತುವೆ.

ಇಂಜಿನಿಯರನ ಲೆಕ್ಕ

ಹೊಳೆಗೆ ಎಷ್ಟು ಉದ್ದದ ಸೇತುವೆ ಬೇಕು? ಈ ಪ್ರಶ್ನೆಗೆ ಒಂದು ಪ್ರಸಿದ್ಧ ಸೂತ್ರವುಂಟು. ೧೯೩೦ರ ಸುಮಾರಿಗೆ ಭಾರತದ ಕಾಲುವೆಗಳ ಮೇಲೆ ಕೆಲಸ ಮಾಡಿದ ಜೆರಾಲ್ಡ್ ಲೇಸಿ ಎಂಬ ಇಂಜಿನಿಯರು ಹೇಳಿದ್ದು ಅದು: ತಾನೇ ತಂದ ಮಣ್ಣಿನಲ್ಲಿ ಹರಿಯುವ ಹೊಳೆ ತನ್ನ ನೀರಿನ ವರ್ಗಮೂಲಕ್ಕೆ ತಕ್ಕಷ್ಟು ಅಗಲವನ್ನು ತಾನೇ ಮಾಡಿಕೊಳ್ಳುತ್ತದೆ. ಸೆಕೆಂಡಿಗೆ ಹರಿಯುವ ಘನ ಮೀಟರುಗಳ ವರ್ಗಮೂಲವನ್ನು ೪.೮ರಿಂದ ಗುಣಿಸಿದರೆ ಆ ಅಗಲ ಮೀಟರುಗಳಲ್ಲಿ ಬರುತ್ತದೆ. ಒಂದು ಲಕ್ಷ ಕ್ಯೂಸೆಕ್ಕಿಗೆ ಲೆಕ್ಕ ಹಾಕಿದರೆ ಸುಮಾರು ೨೫೫ ಮೀಟರು. ನಾಲ್ಕು ಲಕ್ಷಕ್ಕೆ ಸುಮಾರು ೫೧೦. ಎಂಟು ಲಕ್ಷಕ್ಕೆ ಸುಮಾರು ೭೨೦. ನೀರು ನಾಲ್ಕು ಪಟ್ಟಾದರೂ ಅಗಲ ಎರಡೇ ಪಟ್ಟು ಎಂಬುದು ಇದರ ಸ್ವಾರಸ್ಯ. ಉಳಿದ ನೀರು ಆಳದಲ್ಲಿ ಹಾಗೂ ವೇಗದಲ್ಲಿ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಕಲ್ಲುಹಾಸಿನ ನಮ್ಮ ದಖ್ಖನದ ಹೊಳೆಗಳಿಗೆ ಈ ಸೂತ್ರ ಯಥಾವತ್ತಾಗಿ ಒಗ್ಗುವುದಿಲ್ಲ. ಇಲ್ಲಿ ಪಾತ್ರವನ್ನು ಅಳೆದು, ಹಿಂದಿನ ಮಹಾಪೂರದ ಗುರುತುಗಳನ್ನು ಕೇಳಿ ತಿಳಿದು ನಿರ್ಧರಿಸಬೇಕು.

ಆದರೆ ಇದು ಪಾತ್ರದ ಲೆಕ್ಕವಾಯಿತು. ಪಾತ್ರದ ಆಚೆಗೆ, ಎರಡೂ ಬದಿಗೆ, ನೀರು ಹರಡಿ ನಿಲ್ಲುವ ಬಯಲು ಒಂದೆರಡು ಕಿಲೋಮೀಟರು ಇರಬಹುದು. ಅಷ್ಟು ಉದ್ದಕ್ಕೂ ಕಂಬಗಳ ಮೇಲೆ ಸೇತುವೆ ಕಟ್ಟುವುದು ದುಬಾರಿ. ಆದುದರಿಂದ ನಡುವೆ ಮಾತ್ರ ಸೇತುವೆ, ಎರಡು ಬದಿಗೆ ಮಣ್ಣಿನ ಏರಿ, ಏರಿಯ ಮೇಲೆ ಹಾದಿ ಎಂಬುದು ಎಲ್ಲೆಡೆಯ ರೂಢಿ. ತೊಡಕು ಹುಟ್ಟುವುದು ಇಲ್ಲಿಯೇ. ಏರಿ ಎತ್ತರವಾಗಿದ್ದರೆ ಅದು ಹೊಳೆಗೆ ಅಡ್ಡ ಕಟ್ಟಿದ ಒಡ್ಡಾಗುತ್ತದೆ. ಬಯಲಿನ ನೀರೆಲ್ಲ ಸೇತುವೆಯ ಬಾಯಿಗೆ ನುಗ್ಗಬೇಕಾಗಿ, ಮೇಲುಗಡೆಯ ಊರುಗಳಲ್ಲಿ ನೀರು ಇನ್ನಷ್ಟು ಏರುತ್ತದೆ. ಏರಿ ತಗ್ಗಾಗಿದ್ದರೆ ಹಾದಿಯೇ ಮುಳುಗುತ್ತದೆ. ಇದಕ್ಕೆ ಇರುವ ಪರಿಹಾರ ಒಂದೇ: ಬಯಲಿನ ಉದ್ದಕ್ಕೂ ಸಾಕಷ್ಟು ಮೋರಿಗಳು, ಉಪಸೇತುವೆಗಳು, ಇಲ್ಲವೇ ಸೇತುವೆಯನ್ನೇ ಬಯಲಿನ ಮೇಲೆ ಮುಂದುವರಿಸುವುದು.

ಈ ತತ್ತ್ವವನ್ನು ಸೊಲ್ಲಾಪುರದವರಾದ ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ೧೨ನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಈ ಊರಿನಲ್ಲಿ ಕೆರೆ ಕಟ್ಟಿಸಿದರು. ಕಾಯಕವನ್ನೇ ಪೂಜೆಯಾಗಿ ಕಂಡ ಕಾಲವದು. ಕೆರೆ ಕಟ್ಟುವ ನಮ್ಮ ಹಿರಿಯರಿಗೆ ಏರಿಯ ಎತ್ತರಕ್ಕಿಂತ ಮೊದಲು ಕೋಡಿಯ ಯೋಚನೆ. ಕೋಡಿ ಇಲ್ಲದ ಕೆರೆ ಉಳಿಯದು. ಹೆಚ್ಚಿನ ನೀರಿಗೆ ಗೌರವದಿಂದ ಹೊರಗೆ ಹೋಗುವ ದಾರಿ ಕೊಟ್ಟರೆ ಅದು ಏರಿಯನ್ನು ಮುಟ್ಟದು. ಹೊಳೆಯ ಬಯಲಿನಲ್ಲಿ ಕಟ್ಟಿದ ಹೆದ್ದಾರಿಯ ಏರಿಯೂ ಒಂದು ಕೆರೆಯ ಏರಿಯೇ. ಅದಕ್ಕೂ ಕೋಡಿ ಬೇಕು.

ದೊಡ್ಡ ಸೇತುವೆಗಳನ್ನು ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರವನ್ನು ಎಣಿಸಿ ಕಟ್ಟುತ್ತಾರೆ. ಈ ಮಾತನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಒಮ್ಮೆ ಬಂದು ಹೋಯಿತು, ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಯಾವ ವರ್ಷವಾದರೂ ಅಂಥ ಪೂರ ಬರುವ ಸಂಭವ ನೂರಕ್ಕೆ ಒಂದು ಎಂದಷ್ಟೇ ಅದರ ಅರ್ಥ. ಹೀಗೆ ಲೆಕ್ಕ ಹಾಕಿದರೆ ಮೂವತ್ತು ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಅದು ಬರುವ ಸಂಭವ ನೂರಕ್ಕೆ ೨೬. ಒಂದು ಮನೆಯ ಸಾಲ ತೀರುವ ಅವಧಿಯಲ್ಲಿ ನಾಲ್ಕರಲ್ಲೊಂದು ಪಾಲು!

ಇನ್ನು ಕಣ್ಣಿಗೆ ಕಾಣದ ಶತ್ರು ತಳದ ಕೊರೆತ. ಇಕ್ಕಟ್ಟಾದ ಬಾಯಿಯಲ್ಲಿ ನುಗ್ಗುವ ನೀರು ಕಂಬಗಳ ಬುಡದಲ್ಲಿ ಸುಳಿ ಎಬ್ಬಿಸಿ ಮಣ್ಣನ್ನು ಕೊರೆಯುತ್ತದೆ. ಪೂರ ಇಳಿದ ಮೇಲೆ ಗುಂಡಿ ಮರಳಿನಿಂದ ತುಂಬಿ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಕಂಬಗಳ ಬಳಿ ಮರಳು ತೆಗೆಯುವವರು ಹೊಳೆಯ ಈ ಕೆಲಸಕ್ಕೆ ಕೈಗೂಡಿಸುತ್ತಾರೆ. ೨೦೧೬ರ ಆಗಸ್ಟ್ ೨ರ ರಾತ್ರಿ ಕೊಂಕಣದ ಮಹಾಡ ಬಳಿ, ಮುಂಬಯಿ–ಗೋವೆ ಹೆದ್ದಾರಿಯಲ್ಲಿ, ಸಾವಿತ್ರಿ ಹೊಳೆಯ ಮೇಲಿನ ಬ್ರಿಟಿಷ್ ಕಾಲದ ಕಮಾನು ಸೇತುವೆ ಮಹಾಪೂರದಲ್ಲಿ ಕುಸಿದು ಎರಡು ಎಸ್.ಟಿ. ಬಸ್ಸುಗಳು ಪ್ರಯಾಣಿಕರ ಸಮೇತ ಕೊಚ್ಚಿಹೋದವು. ಆ ಕತ್ತಲೆಯನ್ನು ನೆನೆದರೆ, ಹತ್ತೂರಿನ ಬಳಿ ಹಾದಿ ಮುಚ್ಚಿ ಗಾಡಿಗಳನ್ನು ನಿಲ್ಲಿಸಿದವರ ಮೇಲೆ ಸಿಟ್ಟು ಮಾಡುವ ಮನಸ್ಸಾಗುವುದಿಲ್ಲ.

ಇದೇ ಹಾದಿಯ ಇನ್ನೊಂದು ಸೇತುವೆ

ಇದೇ ೫೨ನೆಯ ಹೆದ್ದಾರಿಯಲ್ಲಿ ವಿಜಯಪುರವನ್ನು ದಾಟಿ ಬಾಗಲಕೋಟೆಯ ಕಡೆಗೆ ಸಾಗಿದರೆ, ಗಡಿಗೆ ಮೊಸರಿಗೆ ಹೆಸರಾದ ಕೊಲ್ಹಾರದ ಬಳಿ ಕೃಷ್ಣೆ ಎದುರಾಗುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಪಾತ್ರವನ್ನಷ್ಟೇ ಅಲ್ಲದೆ ಅಕ್ಕಪಕ್ಕದ ಬಯಲನ್ನೂ ಶಾಶ್ವತವಾಗಿ ತನ್ನದಾಗಿ ಮಾಡಿಕೊಂಡಿತು. ಹಳೆಯ ಕೊಲ್ಹಾರವೂ ಅದರಲ್ಲಿ ಸೇರಿತು. ಅಲ್ಲಿ ಏರಿ ಹಾಕಿ ಉಳಿತಾಯ ಮಾಡುವ ಮಾತೇ ಇರಲಿಲ್ಲ. ಕೊರ್ತಿಯಿಂದ ಕೊಲ್ಹಾರದವರೆಗೆ ಸುಮಾರು ೩ ಕಿಲೋಮೀಟರು ಉದ್ದದ ಸೇತುವೆ ಕಟ್ಟಿದರು. ನೀರು ಯಾವಾಗಲೂ ಕಣ್ಣೆದುರು ನಿಂತಿದ್ದರೆ ನಾವು ಉದ್ದವಾಗಿ ಕಟ್ಟುತ್ತೇವೆ. ನೀರು ಎಂದೋ ಒಮ್ಮೆ ಬರುವುದಾದರೆ ಗಿಡ್ಡವಾಗಿ ಕಟ್ಟುತ್ತೇವೆ. ಮನುಷ್ಯನ ನೆನಪು ಅಷ್ಟೇ ಉದ್ದ.

ನೆನಪನ್ನು ಉದ್ದ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊ ಪಟ್ಟಣದ ಪಶ್ಚಿಮಕ್ಕೆ ಯೋಲೊ ಎಂಬ ವಿಶಾಲ ಬಯಲನ್ನು ಮಹಾಪೂರಕ್ಕೆಂದೇ ಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಭತ್ತದ ಬೆಳೆ; ಹೊಳೆ ತುಂಬಿದ ಚಳಿಗಾಲದಲ್ಲಿ ಅದೇ ಗದ್ದೆಗಳ ಮೇಲೆ ಕಣ್ಣು ಹಾಯುವವರೆಗೆ ನೀರು. ೧೯೧೬ರಲ್ಲಿಯೇ ಅದರ ಮೇಲೆ ಉದ್ದನೆಯ ಸೇತುವೆ ಹಾದಿಯನ್ನು ತೆರೆದರು. ಈಗಿನದು ಸುಮಾರು ೫ ಕಿಲೋಮೀಟರು ಉದ್ದವಿದೆ. ಕೆಳಗೆ ನೀರು ಹರಡಿದ ದಿನವೂ ಮೇಲೆ ಗಾಡಿಗಳು ಓಡುತ್ತವೆ. ಅಲ್ಲಿ ಹೊಳೆಯ ಎರಡನೆಯ ಅಗಲಕ್ಕೆ ಹಕ್ಕುಪತ್ರ ಬರೆದುಕೊಟ್ಟಿದ್ದಾರೆ ಎನ್ನಬಹುದು.

ನಮ್ಮಲ್ಲಿಯೂ ಕಾಗದದ ಮೇಲೆ ಅಂಥ ಹಕ್ಕು ಇಲ್ಲದಿಲ್ಲ. ಮಹಾರಾಷ್ಟ್ರದಲ್ಲಿ ಹೊಳೆಯ ಬದಿಗೆ ಎರಡು ರೇಖೆಗಳನ್ನು ಗುರುತಿಸುತ್ತಾರೆ: ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಪೂರಕ್ಕೆ ನೀಲಿ ರೇಖೆ, ನೂರು ವರ್ಷಕ್ಕೊಮ್ಮೆ ಬರುವ ಪೂರಕ್ಕೆ ಕೆಂಪು ರೇಖೆ. ಆದರೆ ಕೆಂಪು ರೇಖೆ ಯಾರ ಅಂಗಳದ ಮೇಲೆ ಹಾದುಹೋಗಿದೆ ಎಂಬುದು ಆ ಅಂಗಳದವರಿಗೇ ತಿಳಿಯದಿದ್ದರೆ ರೇಖೆಯಿಂದ ಫಲವೇನು?

ನಾವು ಮಾಡಬಹುದಾದದ್ದು

೨೦೨೧ರ ಫೆಬ್ರುವರಿಯಲ್ಲಿ ಸೊಲ್ಲಾಪುರ–ವಿಜಯಪುರ ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ ಒಂದು ಪಥದ ೨೫.೫೪ ಕಿಲೋಮೀಟರು ಡಾಂಬರಿನ ಕೆಲಸವನ್ನು ೧೮ ತಾಸುಗಳಲ್ಲಿ ಮುಗಿಸಿ ದೇಶವೇ ನೋಡುವಂತೆ ಮಾಡಿದರು. ದುಡಿದ ಕೈಗಳಿಗೆ ಗೌರವ ಸಲ್ಲಲೇಬೇಕು. ಆದರೆ ವೇಗದಲ್ಲಿ ನಾವು ಗೆದ್ದಿದ್ದೇವೆ. ತಾಳ್ಮೆಯ ಲೆಕ್ಕ ಇನ್ನೂ ಉಳಿದಿದೆ. ಹತ್ತೂರು–ವಡಕಬಾಳದಂಥ ತಗ್ಗಿನಲ್ಲಿ ಹಾದಿಯನ್ನು ಎಷ್ಟು ಎತ್ತರಿಸಬೇಕು, ಎಲ್ಲೆಲ್ಲಿ ನೀರಿಗೆ ಬಾಗಿಲು ಬಿಡಬೇಕು ಎಂಬುದನ್ನು ೨೦೨೦ ಹಾಗೂ ೨೦೨೫ರ ನೀರೇ ಬರೆದು ತೋರಿಸಿದೆ. ಮುಂದಿನ ನಕ್ಷೆ ಬರೆಯುವವರು ಆ ಬರಹವನ್ನು ಓದಬೇಕು.

ಓದಿಸುವ ಕೆಲಸದಲ್ಲಿ ನಮ್ಮ ಪಾಲೂ ಇದೆ. ಪ್ರತಿ ಊರಿನಲ್ಲಿಯೂ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಶಾಲೆಯ ಗೋಡೆ, ಗುಡಿಯ ಕಂಬ, ಚಾವಡಿಯ ಕಟ್ಟೆಯ ಮೇಲೆ ತಿಂಗಳು–ವರ್ಷಗಳ ಸಹಿತ ಬಣ್ಣದಿಂದ ಬರೆದಿಡಬೇಕು. ನೀರಿನ ಗುರುತು ಮೊದಲ ಮಳೆಗೆ ತೊಳೆದುಹೋಗುತ್ತದೆ, ಕಂಡವರು ತೀರಿಕೊಳ್ಳುತ್ತಾರೆ, ಬರೆದದ್ದು ಉಳಿಯುತ್ತದೆ. ಹೊಲದ ಬದಿಯ ಮೋರಿಯನ್ನು ಮಣ್ಣು ಹಾಕಿ ಮುಚ್ಚಿ ಒಂದು ಸಾಲು ಕಬ್ಬು ಹೆಚ್ಚಿಗೆ ನೆಡುವ ಆಶೆಯನ್ನು ಬಿಡಬೇಕು; ಆ ಮೋರಿ ಊರಿನ ಕೋಡಿ. ಸೇತುವೆಯ ಕಂಬಗಳ ಬಳಿ ಮರಳು ತೋಡುವುದನ್ನು ಕಂಡರೆ ಸುಮ್ಮನಿರಬಾರದು. ಹಾದಿಯ ಮೇಲೆ ನೀರು ಹರಿಯುತ್ತಿರುವಾಗ ‘ಮೊಣಕಾಲಷ್ಟೇ ಇದೆ’ ಎಂದು ಗಾಡಿ ಇಳಿಸಬಾರದು. ಮೊಣಕಾಲು ನೀರಿಗೂ ಗಾಡಿಯನ್ನು ಸರಿಸುವ ಬಲವುಂಟು; ಡಾಂಬರಿನ ಕೆಳಗಿನ ಮಣ್ಣು ಕೊಚ್ಚಿಹೋಗಿರುವುದು ಮೇಲಿನಿಂದ ಕಾಣದು. ಎರೆಮಣ್ಣಿನ ನಮ್ಮ ನಾಡಿನಲ್ಲಂತೂ ನೆನೆದು ಉಬ್ಬಿದ ನೆಲ ನಂಬಿಗೆಗೆ ಯೋಗ್ಯವಲ್ಲ. ಬಸುರಿಯರು, ದಿನನಿತ್ಯ ಚಿಕಿತ್ಸೆ ಬೇಕಾದ ರೋಗಿಗಳು ಮನೆಯಲ್ಲಿದ್ದರೆ, ಉಜನಿಯಿಂದ ನೀರು ಬಿಟ್ಟ ಸುದ್ದಿ ಬಂದೊಡನೆ ಅವರನ್ನು ಆಸ್ಪತ್ರೆಯಿರುವ ದಂಡೆಗೆ ಕರೆದೊಯ್ಯುವುದು ಜಾಣತನ. ಘಟ್ಟದ ನೀರು ನಮ್ಮನ್ನು ಮುಟ್ಟುವ ಮುನ್ನ ದೊರೆಯುವ ಆ ಅವಧಿಯೇ ನಮಗಿರುವ ಸೇತುವೆ.

ಕಥೆಯ ಕೊನೆಯನ್ನು ಹೇಳದಿದ್ದರೆ ಓದುಗರಿಗೆ ಸಮಾಧಾನವಾಗದು. ಅಂದು ಬೀಗರು ಮಂದ್ರೂಪದಲ್ಲಿಯೇ ಮಧ್ಯಾಹ್ನದವರೆಗೆ ಕಾಯ್ದರು. ಹಾದಿ ತೆರೆಯುವ ಸೂಚನೆ ಕಾಣದಾಗ ಬುತ್ತಿಯನ್ನು ಬಿಚ್ಚಿ, ಅಲ್ಲಿಯೇ ನಿಂತಿದ್ದ ಲಾರಿಯವರಿಗೆ, ಬಸ್ಸಿನಲ್ಲಿದ್ದ ತಾಯಂದಿರಿಗೆ, ನೀರು ನೋಡಲು ಬಂದ ಮಕ್ಕಳಿಗೆ ಹಂಚಿದರು. ಅವರಲ್ಲಿ ಕನ್ನಡದವರಿದ್ದರು, ಮರಾಠಿಯವರಿದ್ದರು, ಎರಡೂ ಬಾರದ ದೂರದ ಚಾಲಕರಿದ್ದರು. ಹಸಿರು ಸೀರೆ ಮಾತ್ರ ಮಡಿಕೆ ಬಿಚ್ಚದೆ ಬಂದ ಹಾದಿಯಲ್ಲಿಯೇ ಹಿಂದಿರುಗಿತು.

ನೀರು ಇಳಿದ ಮೇಲೆ ಇನ್ನೊಂದು ಶುಭದಿನ ನೋಡಿ ಕುಬಸ ಮಾಡಿದೆವು. ಬೀಗತಿ ಮತ್ತೆ ರೊಟ್ಟಿ ಬಡಿದು, ಮತ್ತೆ ಹೋಳಿಗೆ ಮಾಡಿ ತಂದಿದ್ದರು. ಬರುವಾಗ ಸೀನೆಯ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ನೋಡಿದರಂತೆ. ಕೆಳಗೆ ಹೊಳೆ ತನ್ನ ಚಿಕ್ಕ ಪಾತ್ರದಲ್ಲಿ ಸುಮ್ಮನೆ ಹರಿಯುತ್ತಿತ್ತು. ಹತ್ತೂರಿನ ಕಡೆಗೆ ಮಾತ್ರ, ಕಬ್ಬಿನ ಗರಿಗಳ ಮೇಲೆ, ಜಾಲಿಯ ಟೊಂಗೆಗಳ ಮೇಲೆ, ತಂತಿಬೇಲಿಯ ಮೇಲೆ, ಒಂದೇ ಎತ್ತರದಲ್ಲಿ ಒಣಗಿದ ಕಸಕಡ್ಡಿಯ ಗೆರೆಯೊಂದು ದೂರದವರೆಗೆ ಹೋಗಿತ್ತು. ಹೊಳೆ ತನ್ನ ಇನ್ನೊಂದು ಅಗಲವನ್ನು ತೋರಿಸಿ, ಗುರುತು ಹಾಕಿ ಹೋಗಿತ್ತು.